ತೆರೆಜೀನಿನ ಶಾಲಾ ವಾರಪತ್ರಿಕೆ

ಇತಿಹಾಸಕ್ಕೆ ಆಧಾರಗಳೆಂದು ಶಾಸನ, ನಾಣ್ಯ, ಸರಕಾರಿ ಕಡತ, ಪ್ರವಾಸಿಗರ ದಿನಚರಿ ಮೊದಲಾದವುಗಳನ್ನು ಎಣಿಸುವುದು ವಾಡಿಕೆ. ಪ್ರೌಢಶಾಲೆಯ ಹುಡುಗರು ತಮ್ಮತಮ್ಮೊಳಗೆ ಹೊರಡಿಸಿಕೊಳ್ಳುವ ವಾರಪತ್ರಿಕೆಯನ್ನು ಈ ಪಂಕ್ತಿಯಲ್ಲಿ ಕೂರಿಸುವವರು ವಿರಳ. ಚೆಂಡಾಟದಲ್ಲಿ ಯಾವ ತಂಡ ಗೆದ್ದಿತು, ಚರ್ಚಾಕೂಟದಲ್ಲಿ ಯಾರು ಮಾತನಾಡಿದರು, ಯಾರ ಹಾಸಿಗೆ ಮಡಿಸದೆ ಬಿದ್ದಿದ್ದಿತು, ಬರುವ ವಾರದ ಕಾರ್ಯಕ್ರಮವೇನು ಎಂಬಂತಹವೇ ಅದರ ಸುದ್ದಿಗಳು. ವಾರ ಕಳೆಯಿತೆಂದರೆ ಅವುಗಳ ಆಯುಸ್ಸೂ ತೀರಿತು. ಆದರೆ ಈ ಅಲ್ಪಾಯುಸ್ಸಿನಲ್ಲಿಯೇ ಅವುಗಳ ಪ್ರಾಮಾಣ್ಯವೂ ಅಡಗಿದೆ. ಮುಂದೇನಾಗುವುದೆಂದು ಅರಿಯದವನು, ಆ ವಾರ ಕಂಡುದನ್ನು ಆ ವಾರವೇ ಬರೆದುದು ಅದು. ಬರೆದುದನ್ನು ಓದುವವರು ಪಕ್ಕದಲ್ಲಿಯೇ ಇರುವರಾದ ಕಾರಣ, ಸುಳ್ಳಿಗೆ ಅಲ್ಲಿ ಅವಕಾಶ ಕಡಿಮೆ.

ಇಂತಹ ಪತ್ರಿಕೆಗಳ ವಂಶಾವಳಿ ತಕ್ಕಷ್ಟು ಹಳೆಯದು. ಅಮೆರಿಕದ ಸ್ವಾತಂತ್ರ್ಯಯುದ್ಧ ನಡೆಯುತ್ತಿದ್ದ ಕಾಲದಲ್ಲಿ, 1777ರಲ್ಲಿ, ಫಿಲಡೆಲ್ಫಿಯದ ಒಂದು ಲ್ಯಾಟಿನ್ ಶಾಲೆಯ ಹುಡುಗರು ‘ಸ್ಟೂಡೆಂಟ್ಸ್ ಗೆಜೆಟ್’ ಎಂಬ ಕೈಬರಹದ ಪತ್ರಿಕೆಯನ್ನು ಹೊರಡಿಸಿದರು. 1786-87ರಲ್ಲಿ ಇಂಗ್ಲೆಂಡಿನ ಈಟನ್ ಶಾಲೆಯ ವಿದ್ಯಾರ್ಥಿಗಳು ‘ಮೈಕ್ರೊಕಾಸ್ಮ್’ ಎಂಬ ವಾರಪತ್ರಿಕೆಯನ್ನು ನಡೆಸಿದರು. ಅದರ ಲೇಖಕರಲ್ಲಿ ಮುಖ್ಯನಾದ ಜಾರ್ಜ್ ಕ್ಯಾನಿಂಗ್ ಮುಂದೆ 1827ರಲ್ಲಿ ಆ ದೇಶದ ಪ್ರಧಾನಮಂತ್ರಿಯಾದನು. ಭಾರತದಲ್ಲಿ ಡೆಹರಾಡೂನಿನ ಡೂನ್ ಶಾಲೆಯ ವಾರಪತ್ರಿಕೆ 1936ರಿಂದ ನಡೆದುಬಂದಿದೆ. ಕನ್ನಡನಾಡಿನ ಶಾಲೆಗಳಲ್ಲಿ ಕೈಬರಹದ ಪತ್ರಿಕೆಯನ್ನು ಕಾಣದೆ ಬೆಳೆದ ತಲೆಮಾರಿನವರು ಕಡಿಮೆಯೆಂದೇ ಹೇಳಬೇಕು. ಈ ಪತ್ರಿಕೆಗಳೆಲ್ಲಕ್ಕೂ ಒಂದು ಸಮಾನಲಕ್ಷಣವುಂಟು: ಅವುಗಳ ಹಿಂದೆ ಒಂದು ಶಾಲೆಯಿದ್ದಿತು; ಶಾಲೆಗೆ ಒಂದು ಹೆಸರು, ಒಂದು ಫಲಕ, ಒಂದು ಗಂಟೆ ಇದ್ದವು. ಪ್ರಕೃತ ವಿವೇಚಿಸಬೇಕಾದ ಪತ್ರಿಕೆಗೆ ಇವಾವುವೂ ಇರಲಿಲ್ಲ. ಶಾಲೆ ನಡೆಸುವುದೇ ಅಪರಾಧವಾಗಿದ್ದ ಊರಿನಲ್ಲಿ ಅದು ಹುಟ್ಟಿತು.

ಆ ಊರು ಜೆಕ್ ದೇಶದಲ್ಲಿ, ಪ್ರಾಗ್ ನಗರಕ್ಕೆ ಉತ್ತರದಲ್ಲಿ ಸುಮಾರು 60 ಕಿಲೊಮೀಟರು ದೂರದಲ್ಲಿರುವ ತೆರೆಜೀನ್. ಆಸ್ಟ್ರಿಯದ ಸಮ್ರಾಟ ಎರಡನೆಯ ಜೋಸೆಫನು 1780ರಲ್ಲಿ ಇಲ್ಲಿ ಕೋಟೆಯ ನಿರ್ಮಾಣವನ್ನು ಆರಂಭಿಸಿ, ತನ್ನ ತಾಯಿ ಮರಿಯಾ ತೆರೇಸಳ ಹೆಸರನ್ನು ಅದಕ್ಕೆ ಇಟ್ಟನು. ಶತ್ರುವನ್ನು ಹೊರಗಿಡಲೆಂದು ಕಟ್ಟಿದ ಈ ಕೋಟೆ ಆ ಕೆಲಸಕ್ಕೆ ಹೆಚ್ಚು ಒದಗಲಿಲ್ಲ. ಜನರನ್ನು ಒಳಗಿಡುವುದಕ್ಕೇ ಅದರ ಗೋಡೆಗಳು ಉಪಯೋಗವಾದವು. ಪಕ್ಕದ ಸಣ್ಣ ಕೋಟೆ ಸೆರೆಮನೆಯಾಗಿದ್ದು, 1914ರಲ್ಲಿ ಆಸ್ಟ್ರಿಯದ ಯುವರಾಜನನ್ನು ಕೊಂದ ಗಾವ್ರಿಲೊ ಪ್ರಿನ್ಸಿಪನು 1918ರಲ್ಲಿ ತನ್ನ ಸೆರೆವಾಸದ ಕಾಲದಲ್ಲಿ ಇಲ್ಲಿಯೇ ಮೃತನಾದನು.

1939ರ ಮಾರ್ಚ್ 15ರಂದು ಹಿಟ್ಲರನ ಸೈನ್ಯ ಪ್ರಾಗ್ ನಗರವನ್ನು ಹೊಕ್ಕಿತು. ಅನಂತರದ ನಿಷೇಧಗಳ ಸಾಲಿನಲ್ಲಿ ಶಾಲೆಯೂ ಸೇರಿದ್ದಿತು. 1940ರಲ್ಲಿ ಯೆಹೂದಿ ಮಕ್ಕಳನ್ನು ಜೆಕ್ ಶಾಲೆಗಳಿಂದ ಹೊರಗೆ ಹಾಕಲಾಯಿತು. 1942ರ ಬೇಸಿಗೆಯಲ್ಲಿ ಯೆಹೂದಿಗಳದೇ ಆದ ಶಾಲೆಗಳನ್ನೂ ಮುಚ್ಚಲಾಯಿತು. ಅಷ್ಟರಲ್ಲಿ, 1941ರ ನವೆಂಬರಿನಿಂದ, ತೆರೆಜೀನ್ ಪಟ್ಟಣ ಯೆಹೂದಿಗಳನ್ನು ಕೂಡಿಹಾಕುವ ದೊಡ್ಡಿಯಾಗಿ ಮಾರ್ಪಟ್ಟಿದ್ದಿತು. ಯುದ್ಧಪೂರ್ವದಲ್ಲಿ ಸೈನಿಕರೂ ನಾಗರಿಕರೂ ಸೇರಿ ಸುಮಾರು 7,000 ಮಂದಿ ವಾಸವಾಗಿದ್ದ ಈ ಊರಿನಲ್ಲಿ 1942ರ ಸೆಪ್ಟೆಂಬರಿನ ವೇಳೆಗೆ 58,000ಕ್ಕೂ ಮಿಕ್ಕಿದ ಜನರನ್ನು ತುಂಬಲಾಗಿದ್ದಿತು. ಒಟ್ಟು ಸುಮಾರು 1,40,000 ಮಂದಿಯನ್ನು ಇಲ್ಲಿಗೆ ತರಲಾಯಿತೆಂದೂ, ಅವರಲ್ಲಿ ಸುಮಾರು 33,000 ಮಂದಿ ಹಸಿವು ರೋಗಗಳಿಂದ ಇಲ್ಲಿಯೇ ಮಡಿದರೆಂದೂ, ಸುಮಾರು 88,000 ಮಂದಿಯನ್ನು ಪೂರ್ವದ ಮೃತ್ಯುಶಿಬಿರಗಳಿಗೆ ಸಾಗಿಸಲಾಯಿತೆಂದೂ ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ.

ಬೀದಿಗಳ ಹೆಸರನ್ನು ಅಳಿಸಿ, ಉದ್ದದ ಬೀದಿಗಳಿಗೆ ‘ಎಲ್’ ಎಂದೂ ಅಡ್ಡಬೀದಿಗಳಿಗೆ ‘ಕ್ಯೂ’ ಎಂದೂ ಅಕ್ಷರಗಳನ್ನು ಕೊಟ್ಟು, ಕಟ್ಟಡಗಳನ್ನು ಅಂಕೆಗಳಿಂದ ಗುರುತಿಸುವ ಕ್ರಮ ಅಲ್ಲಿ ಜಾರಿಗೆ ಬಂದಿತು. ಅದರಂತೆ ಊರಿನ ಹಳೆಯ ಶಾಲೆಯ ಕಟ್ಟಡ ‘ಎಲ್ 417’ ಆಯಿತು. ಬಂದಿಗಳೊಳಗಿನ ಹಿರಿಯರ ಮಂಡಲಿ ಮಕ್ಕಳನ್ನು ಬೇರೆಯಾಗಿ, ಆದಷ್ಟು ಮನುಷ್ಯರ ಮಕ್ಕಳಂತೆ ಬೆಳೆಸಬೇಕೆಂಬ ನಿರ್ಧಾರಕ್ಕೆ ಬಂದು, 1942ರಲ್ಲಿ ಈ ಕಟ್ಟಡದಲ್ಲಿ ಹುಡುಗರ ವಸತಿಗಳನ್ನು ತೆರೆಯಿತು. ಹಿಂದೆ ತರಗತಿಯಾಗಿದ್ದ ಒಂದೊಂದು ಕೋಣೆಯೂ ಈಗ ಒಂದೊಂದು ‘ಮನೆ’. ಮೂರಂತಸ್ತಿನ ಮರದ ಮಂಚಗಳ ನಡುವೆ ಸುಮಾರು 40 ಮಂದಿ ಹುಡುಗರು ಒಂದು ಕೋಣೆಯಲ್ಲಿ ಇರುತ್ತಿದ್ದರು. ಚಿತ್ರ, ಹಾಡು, ಕೈಗೆಲಸಗಳಿಗೆ ಅಧಿಕಾರಿಗಳ ಅಡ್ಡಿ ಇರಲಿಲ್ಲ. ಗಣಿತ, ಚರಿತ್ರೆ, ಭಾಷೆ, ಭೂಗೋಳಗಳ ಪಾಠ ಮಾತ್ರ ನಿಷಿದ್ಧ. ಆದಕಾರಣ ಪಾಠ ಗುಟ್ಟಾಗಿ ನಡೆಯಿತು. ಒಬ್ಬ ಹುಡುಗ ಕಾವಲು ನಿಲ್ಲುವನು. ಅಧಿಕಾರಿಗಳ ಸುಳಿವು ಕಂಡು ಸನ್ನೆ ಮಾಡಿದೊಡನೆ ಪುಸ್ತಕಗಳು ಮರೆಯಾಗಿ, ಹುಡುಗರು ಹಾಡತೊಡಗುವರು, ಇಲ್ಲವೆ ಕೋಣೆಯನ್ನು ಗುಡಿಸತೊಡಗುವರು. ಶಾಲೆಗೆಂದೇ ಕಟ್ಟಿದ ಕಟ್ಟಡದಲ್ಲಿ ಶಾಲೆಯನ್ನು ಕದ್ದು ನಡೆಸಬೇಕಾಗಿ ಬಂದುದು ಕಾಲವಿಪರ್ಯಾಸವೇ ಸರಿ.

ಮೊದಲನೆಯ ಮನೆಯ ಹೊಣೆಗಾರಿಕೆ ವಾಲ್ಟರ್ ಐಸಿಂಗರ್ ಎಂಬ ಅಧ್ಯಾಪಕನ ಪಾಲಿಗೆ ಬಂದಿತು. 1913ರಲ್ಲಿ ಜನಿಸಿದ ಈತನು ಬ್ರನೊ ನಗರದ ಯೆಹೂದಿ ಪ್ರೌಢಶಾಲೆಯಲ್ಲಿ ಅಧ್ಯಾಪಕನಾಗಿದ್ದವನು. ಗಿಡ್ಡ ಆಳು, ಹುಡುಗರು ಅದನ್ನೇ ಹಿಡಿದು ಅವನಿಗೆ ಅಡ್ಡಹೆಸರಿಟ್ಟಿದ್ದರು. ಅವನು ಹುಡುಗರೊಡನೆ ಅದೇ ಕೋಣೆಯಲ್ಲಿ ಮಲಗುತ್ತಿದ್ದನು. ರಾತ್ರಿ ದೀಪವಾರಿದ ಮೇಲೆ ಕತ್ತಲಲ್ಲಿ ಕಥೆ ಹೇಳುತ್ತಿದ್ದನು. ಹಾಗೆ ಹೇಳಿದ ಕಥೆಗಳಲ್ಲಿ ರಷ್ಯದ ಒಂದು ಶಾಲೆಯದೂ ಒಂದು.

ಆ ಶಾಲೆಯ ವೃತ್ತಾಂತವನ್ನು ಇಲ್ಲಿ ಸಂಕ್ಷೇಪವಾಗಿ ತಿಳಿಯುವುದು ಅವಶ್ಯಕ. 1917ರ ಕ್ರಾಂತಿ ಹಾಗೂ ಅನಂತರದ ಅಂತರ್ಯುದ್ಧದಲ್ಲಿ ರಷ್ಯದಲ್ಲಿ ಅಸಂಖ್ಯ ಮಕ್ಕಳು ಅನಾಥರಾಗಿ ಬೀದಿಪಾಲಾದರು. ಅಂತಹ ಹುಡುಗರಿಗಾಗಿ ಪೆತ್ರೊಗ್ರಾದ್ ನಗರದಲ್ಲಿ ವಿಕ್ತರ್ ಸೊರೋಕ-ರೊಸಿನ್‌ಸ್ಕಿ ಎಂಬ ಶಿಕ್ಷಣತಜ್ಞನು ಕಾದಂಬರಿಕಾರ ದೊಸ್ತೊಯೆವ್‌ಸ್ಕಿಯ ಹೆಸರಿನಲ್ಲಿ ಒಂದು ವಸತಿಶಾಲೆಯನ್ನು ನಡೆಸಿದನು. ‘ದೊಸ್ತೊಯೆವ್‌ಸ್ಕಿಯ ಹೆಸರಿನ ಶಾಲೆ’ ಎಂಬುದರ ರಷ್ಯನ್ ಮಾತುಗಳ ಮೊದಲಕ್ಷರಗಳನ್ನು ಕೂಡಿಸಿ ಹುಡುಗರು ಅದನ್ನು ‘ಶ್ಕಿದ್’ ಎಂದು ಕರೆದರು. ಶಾಲೆಯನ್ನು ಒಂದು ಗಣರಾಜ್ಯವೆಂದು ಭಾವಿಸಿ, ಅದಕ್ಕೆ ಲಾಂಛನ, ಗೀತೆಗಳನ್ನು ಕಲ್ಪಿಸಿಕೊಂಡು, ಪತ್ರಿಕೆಗಳ ಮೇಲೆ ಪತ್ರಿಕೆಗಳನ್ನು ಬರೆದು ಹೊರಡಿಸಿದರು. ಅಲ್ಲಿ ಓದಿದ ಗ್ರಿಗೋರಿ ಬೆಲಿಖ್ ಹಾಗೂ ಪಂತಲೇಯೆವ್ ಎಂಬ ಇಬ್ಬರು ತರುಣರು 1927ರಲ್ಲಿ ‘ಶ್ಕಿದ್ ಗಣರಾಜ್ಯ’ ಎಂಬ ಕಥನವನ್ನು ಪ್ರಕಟಿಸಿ ಪ್ರಸಿದ್ಧರಾದರು. ಸ್ವಾತಂತ್ರ್ಯದ ಈ ಕಥೆಗೂ ಒಂದು ಕಹಿಯಾದ ಉಪಸಂಹಾರವುಂಟು: ಸ್ಟಾಲಿನ್ ಆಳ್ವಿಕೆಯಲ್ಲಿ ಬೆಲಿಖನನ್ನು ಬಂಧಿಸಲಾಯಿತು, 1938ರಲ್ಲಿ ಅವನು ಬಂಧನದಲ್ಲಿಯೇ ತೀರಿಕೊಂಡನು.

ಐಸಿಂಗರನ ಬಾಯಿಂದ ಈ ಕಥೆ ಕೇಳಿದ ತೆರೆಜೀನಿನ ಹುಡುಗರು ತಮ್ಮ ಕೋಣೆಯನ್ನೂ ಶ್ಕಿದ್ ಗಣರಾಜ್ಯವೆಂದು ಸಾರಿಕೊಂಡರು. ವಾಲ್ಟರ್ ರೋತ್ ಎಂಬ ಹುಡುಗ ಮೊದಲ ಅಧ್ಯಕ್ಷನಾದನು. ಜೂಲ್ಸ್ ವೆರ್ನನ ಕಾದಂಬರಿಗಳ ಪ್ರಭಾವದಿಂದ, ನಕ್ಷತ್ರದ ಕಡೆಗೆ ಹಾರುವ ಆಕಾಶನೌಕೆ ಹಾಗೂ ಪುಸ್ತಕ ಅವರ ಲಾಂಛನವಾದವು. ಕಸ ಗುಡಿಸುವ ಸರದಿಯಿಂದ ಸಾಹಿತ್ಯೋಪನ್ಯಾಸದವರೆಗೆ ಎಲ್ಲವನ್ನೂ ಹುಡುಗರ ಸ್ವಾಡಳಿತವೇ ಗೊತ್ತುಪಡಿಸಿತು. ಈ ಪುಟ್ಟ ಸರಕಾರದ ಮುಖವಾಣಿಯಾಗಿ 1942ರ ಡಿಸೆಂಬರ್ 18ರಂದು ‘ವೆದೆಮ್’ ಎಂಬ ವಾರಪತ್ರಿಕೆ ಹುಟ್ಟಿತು. ಜೆಕ್ ಭಾಷೆಯ ಈ ಮಾತಿಗೆ ‘ನಾವು ಮುಂದೆ ನಡೆಸುತ್ತೇವೆ’ ಎಂದು ಅರ್ಥ.

ಪತ್ರಿಕೆಯ ಸಂಪಾದಕನಾದ ಪೆತ್ರ್ ಗಿನ್ಸ್‌ಗೆ ಆಗ 14 ವರ್ಷ. 1928ರ ಫೆಬ್ರವರಿ 1ರಂದು ಪ್ರಾಗ್ ನಗರದಲ್ಲಿ ಹುಟ್ಟಿದವನು. ತಂದೆ ಯೆಹೂದಿ, ತಾಯಿ ಯೆಹೂದಿಯಲ್ಲ. ತಂದೆತಾಯಿಗಳಿಬ್ಬರೂ ಎಸ್ಪೆರಾಂಟೊ ಎಂಬ ವಿಶ್ವಭಾಷೆಯ ಅಭಿಮಾನಿಗಳು. ಆ ಭಾಷೆಯ ಸಮ್ಮೇಳನದಲ್ಲಿಯೇ ಅವರ ಪರಿಚಯವಾಗಿದ್ದಿತು. ಮಗನು ಎಸ್ಪೆರಾಂಟೊ-ಜೆಕ್ ನಿಘಂಟೊಂದನ್ನು ಸಿದ್ಧಪಡಿಸಿದನು; ವೆರ್ನನ ಮಾದರಿಯ ಕಾದಂಬರಿಗಳನ್ನು ಬರೆದು ತಾನೇ ಚಿತ್ರಗಳನ್ನೂ ಬಿಡಿಸಿದನು. ಮಿಶ್ರವಿವಾಹದ ಮಕ್ಕಳನ್ನು 14 ವರ್ಷ ತುಂಬಿದೊಡನೆ ಗಡೀಪಾರು ಮಾಡುವುದು ಅಂದಿನ ನಿಯಮ. ಅದರಂತೆ 1942ರ ಅಕ್ಟೋಬರಿನಲ್ಲಿ ಅವನನ್ನು ಒಬ್ಬನನ್ನೇ ತೆರೆಜೀನಿಗೆ ಕಳುಹಿಸಲಾಯಿತು. ಅವನ ತಂಗಿ ಎವಾ ಅನಂತರ ಬಂದು ಸೇರಿದಳು.

‘ವೆದೆಮ್’ ಪತ್ರಿಕೆಗೆ ಪ್ರತಿ ವಾರವೂ ಒಂದೇ ಪ್ರತಿ. ಮೊದಲ ಸುಮಾರು 30 ಸಂಚಿಕೆಗಳು ಬೆರಳಚ್ಚಿನಲ್ಲಿ ಸಿದ್ಧವಾದವು. ಯಂತ್ರದ ಮಸಿ ತೀರಿದ ಮೇಲೆ ಉಳಿದುವನ್ನು ಕೈಯಿಂದಲೇ ಬರೆಯಲಾಯಿತು. ಕೆಲವು ಕಾಲ ಸಂಚಿಕೆಯನ್ನು ಕೋಣೆಯ ಹಲಗೆಯ ಮೇಲೆ ಅಂಟಿಸುತ್ತಿದ್ದರು. ಅಧಿಕಾರಿಗಳ ತಪಾಸಣೆಯಲ್ಲಿ ಸಿಕ್ಕಿದರೆ ಎಲ್ಲರಿಗೂ ಅಪಾಯವೆಂದು ಆ ಪದ್ಧತಿಯನ್ನು ಬಿಡಬೇಕಾಯಿತು. ಶುಕ್ರವಾರ ಸಂಜೆ ಎಲ್ಲರೂ ಮಂಚಗಳ ಮೇಲೂ ಮೇಜಿನ ಸುತ್ತಲೂ ಕುಳಿತಿರುವಾಗ ಬರೆದವರೇ ತಮ್ಮ ಬರಹವನ್ನು ಓದಿ ಹೇಳುವುದು ಪ್ರಕಟನೆಯ ಕ್ರಮವಾಗಿದ್ದಿತು. ಮುಖಪುಟದ ಮೇಲೆ ನಿಜವಾದ ಪತ್ರಿಕೆಯಂತೆ ಬೆಲೆಯನ್ನು ಬರೆಯುವುದು ಹುಡುಗರ ವಿನೋದ.

ಒಳಗಿನ ವಿಷಯಗಳನ್ನು ನೋಡಿದರೆ, ಯಾವುದೇ ದೇಶದ ಶಾಲಾಪತ್ರಿಕೆಗಿಂತ ಇದು ತೀರ ಭಿನ್ನವೆಂದು ತೋರುವುದಿಲ್ಲ. ಕವಿತೆ, ಪ್ರಬಂಧ, ಪುಸ್ತಕವಿಮರ್ಶೆ, ನಗೆಹನಿ, ಆಟದ ವರದಿ, ಸಹಪಾಠಿಗಳ ವ್ಯಕ್ತಿಚಿತ್ರ, ವಾರದಲ್ಲಿ ಯಾರೋ ಆಡಿದ ಎಡವಟ್ಟು ಮಾತಿನ ಸಂಗ್ರಹ ಇವೇ ಅದರ ಅಂಕಣಗಳು. ಲೇಖಕರು ಬಹುಮಟ್ಟಿಗೆ ಕಾವ್ಯನಾಮಗಳಲ್ಲಿ ಬರೆಯುತ್ತಿದ್ದರು. ಗಿನ್ಸ್ ಮೊದಲಾದವರ ಬರಹಗಳ ಕೆಳಗೆ ‘ಅಕಾದೆಮಿ’ ಎಂಬ ಅಂಕಿತ ಕಾಣುತ್ತದೆ. ಲೇಖನಗಳು ಬಾರದ ವಾರ ಸಂಪಾದಕನು ಪ್ರಾಗ್‌ನಿಂದ ತನಗೆ ಬಂದ ತಿಂಡಿಯ ಪೊಟ್ಟಣವನ್ನು ಬಿಚ್ಚಿ, ಬರೆದುಕೊಟ್ಟವರಿಗೆ ಅದರಲ್ಲಿ ಪಾಲು ಕೊಡುತ್ತಿದ್ದನು. ಅದರಿಂದಲೂ ಆಗದಿದ್ದರೆ ಬೇರೆ ಬೇರೆ ಹೆಸರುಗಳಲ್ಲಿ ತಾನೇ ಬರೆದು ಸಂಚಿಕೆಯನ್ನು ತುಂಬಿಸುತ್ತಿದ್ದನು. ಹಸಿವಿನ ಊರಿನಲ್ಲಿ ಒಂದು ತುಣುಕು ತಿನಿಸಿಗೆ ಇದ್ದ ಬೆಲೆಯನ್ನು ನೆನೆದರೆ, ಒಂದು ಪುಟದ ಬರಹಕ್ಕೆ ಆ ಹುಡುಗನು ಕೊಟ್ಟ ಸಂಭಾವನೆ ಯಾವ ಪತ್ರಿಕೆಯ ಸಂಭಾವನೆಗೂ ಕಡಿಮೆಯದಲ್ಲವೆಂದು ಒಪ್ಪಬೇಕಾಗುತ್ತದೆ.

ಈ ಅಂಕಣಗಳಲ್ಲಿ ಇತಿಹಾಸದ ದೃಷ್ಟಿಯಿಂದ ಮುಖ್ಯವಾದುದು ‘ತೆರೆಜೀನಿನಲ್ಲಿ ಅಲೆದಾಟ’ ಎಂಬ ಲೇಖನಮಾಲೆ. ಗಿನ್ಸ್ ಊರಿನ ಬೇರೆ ಬೇರೆ ಸ್ಥಳಗಳಿಗೆ ತಾನೇ ಹೋಗಿ, ಅಲ್ಲಿ ಕೆಲಸ ಮಾಡುವವರನ್ನು ಪ್ರಶ್ನಿಸಿ, ಕಂಡುದನ್ನು ವರದಿ ಮಾಡಿದನು. ರೊಟ್ಟಿ ಸುಡುವ ಭಟ್ಟಿ, ಬೆಂಕಿ ಆರಿಸುವ ದಳ, ಹೆರಿಗೆಯ ಕೋಣೆ ಇವುಗಳ ಜೊತೆಗೆ ಶವದಹನದ ಕಟ್ಟಡವನ್ನೂ ಅವನು ಬಿಡಲಿಲ್ಲ. ಬೇರೆ ಶಾಲೆಯ ಹುಡುಗನು ಅಂಚೆಕಚೇರಿಯನ್ನೋ ಕಾರ್ಖಾನೆಯನ್ನೋ ನೋಡಿಬಂದು ಬರೆಯುವ ಪ್ರವಾಸವರದಿಯಂತೆಯೇ ಇವುಗಳ ರೀತಿ. ಕಣ್ಣೀರನ್ನು ಬೇಡುವ ಮಾತು ಅವುಗಳಲ್ಲಿ ಇಲ್ಲವೆಂಬುದರಿಂದಲೇ ಅವುಗಳ ಸಾಕ್ಷ್ಯ ಗಟ್ಟಿಯಾಗಿದೆ.

ಹುಡುಗರ ಇತರ ಚಟುವಟಿಕೆಗಳೂ ಕಡಿಮೆಯವಲ್ಲ. ವಿಯೆನ್ನದ ಕಲಾವಿದೆ ಫ್ರೀಡ್ಲ್ ಡಿಕ್ಕರ್-ಬ್ರಾಂಡೈಸ್ ತೆರೆಜೀನಿನ ಮಕ್ಕಳಿಗೆ ಚಿತ್ರಕಲೆ ಕಲಿಸಿದಳು. 1944ರ ಅಕ್ಟೋಬರಿನಲ್ಲಿ ಆಕೆಯನ್ನು ಆಶ್ವಿತ್ಸಿಗೆ ಸಾಗಿಸಿದ ಮೇಲೂ ಮಕ್ಕಳ ಚಿತ್ರಗಳು ಉಳಿದುಕೊಂಡು, 4,000ಕ್ಕೂ ಹೆಚ್ಚಿನ ಸಂಖ್ಯೆಯಲ್ಲಿ ಪ್ರಾಗ್‌ನ ಯೆಹೂದಿ ವಸ್ತುಸಂಗ್ರಹಾಲಯವನ್ನು ಸೇರಿದವು. ಹನ್ಸ್ ಕ್ರಾಸಾ ರಾಗ ಸಂಯೋಜಿಸಿದ ‘ಬ್ರುಂದಿಬಾರ್’ ಎಂಬ ಮಕ್ಕಳ ಗೀತನಾಟಕ 1943ರ ಸೆಪ್ಟೆಂಬರ್ 23ರಂದು ಅಲ್ಲಿ ಮೊದಲು ರಂಗವೇರಿ, 50ಕ್ಕೂ ಹೆಚ್ಚು ಬಾರಿ ಪ್ರದರ್ಶಿತವಾಯಿತು. ಅದರಲ್ಲಿ ನಾಯಿಯ ಪಾತ್ರ ವಹಿಸಿದ ಜ್ದೆನೆಕ್ ಓರ್ನೆಸ್ಟ್ ಮೊದಲನೆಯ ಮನೆಯವನೇ. ಜೆಕ್ ಕವಿ ಯಿರ್ಝಿ ಓರ್ತೆನನ ತಮ್ಮ. ಹನುಷ್ ಹಾಖನ್‌ಬುರ್ಗ್ ಎಂಬ ಇನ್ನೊಬ್ಬ ಹುಡುಗನ ಕವಿತೆಗಳು ಸಂಗ್ರಹಗಳಲ್ಲಿ ಇಂದಿಗೂ ಸ್ಥಾನ ಪಡೆದಿವೆ. ಬೇರೆ ಮನೆಗಳ ಮಕ್ಕಳೂ ‘ಕಮರಾದ್’, ‘ಬೊನಾಕೊ’ ಮೊದಲಾದ ಪತ್ರಿಕೆಗಳನ್ನು ಹೊರಡಿಸಿದರು. ಅವುಗಳಲ್ಲೆಲ್ಲ ಹೆಚ್ಚು ಕಾಲ ನಡೆದುದೂ ಹೆಚ್ಚು ಪುಟಗಳನ್ನು ಉಳಿಸಿದುದೂ ‘ವೆದೆಮ್’.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಈ ಪತ್ರಿಕೆಯನ್ನು ಆರಾಧನೆಯ ವಸ್ತುವನ್ನಾಗಿ ಮಾಡಿ, ಅದರ ಲೇಖಕರೆಲ್ಲರನ್ನೂ ಬಾಲಯೋಗಿಗಳೆಂಬಂತೆ ಚಿತ್ರಿಸುವುದು ಸತ್ಯಕ್ಕೆ ಅಪಚಾರ. ಸ್ವಾಡಳಿತ ಸಡಿಲವಾಯಿತೆಂಬ ದೂರು, ಬರೆಯುವವರ ಸೋಮಾರಿತನದ ಮೇಲಿನ ಟೀಕೆ, ಪರಸ್ಪರ ಕೀಟಲೆ, ಪಕ್ಷಪಾತದ ಆರೋಪ ಇವೆಲ್ಲ ಅದರಲ್ಲಿ ಉಂಟು. ಹದಿನಾಲ್ಕರ ಹುಡುಗರು ಹದಿನಾಲ್ಕರ ಹುಡುಗರಂತೆಯೇ ಇದ್ದರು. ಅವರಿಗೆ ಹುಡುಗರಾಗಿಯೇ ಇರುವ ಅವಕಾಶವನ್ನು ಉಳಿಸಿಕೊಟ್ಟುದೇ ಆ ಕೋಣೆಯ ಸಾಧನೆ. ಹೊರಗಿನ ಆಳ್ವಿಕೆ ಅವರನ್ನು ಸಾಗಣೆಯ ಪಟ್ಟಿಯ ಅಂಕೆಗಳೆಂದು ಎಣಿಸುತ್ತಿರುವಾಗ, ಪತ್ರಿಕೆ ಅವರನ್ನು ಒಳ್ಳೆಯ ಆಟಗಾರನೆಂದೂ, ಕೆಟ್ಟ ಕವಿಯೆಂದೂ, ಬಾಯಿಬಡುಕನೆಂದೂ ಬೇರೆಬೇರೆಯಾಗಿ ಗುರುತಿಸಿತು. ಬೈಗುಳಕ್ಕೂ ಅಲ್ಲಿ ಒಂದು ಗೌರವವಿದ್ದಿತು. ಏಕೆಂದರೆ ಬೈಯಬೇಕಾದರೆ ಎದುರಿಗಿರುವವನು ವ್ಯಕ್ತಿಯಾಗಿರಬೇಕು.

1944ರ ಜೂನ್ 23ರಂದು ನಡೆದ ಒಂದು ಘಟನೆ ಈ ಪತ್ರಿಕೆಯ ಮೌಲ್ಯವನ್ನು ಇನ್ನಾವುದಕ್ಕಿಂತಲೂ ಸ್ಪಷ್ಟಪಡಿಸುತ್ತದೆ. ಡೆನ್ಮಾರ್ಕಿನ ಇಬ್ಬರು ಪ್ರತಿನಿಧಿಗಳೂ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ಪರವಾಗಿ ಮಾರಿಸ್ ರಸೆಲ್ ಎಂಬವನೂ ಅಂದು ತೆರೆಜೀನನ್ನು ಪರಿಶೀಲಿಸಲು ಬಂದರು. ಅವರ ಕಣ್ಣಿಗೆ ಊರು ಸುಂದರವಾಗಿ ಕಾಣಬೇಕೆಂದು ತಿಂಗಳುಗಳಿಂದ ಸಿದ್ಧತೆ ನಡೆದಿದ್ದಿತು. ಜನಸಂದಣಿ ಕಾಣದಿರಲೆಂದು ಆ ಮೇ ತಿಂಗಳಿನಲ್ಲಿಯೇ ಸುಮಾರು 7,500 ಮಂದಿಯನ್ನು ಆಶ್ವಿತ್ಸಿಗೆ ಸಾಗಿಸಲಾಗಿದ್ದಿತು. ಮನೆಗಳಿಗೆ ಬಣ್ಣ, ಚೌಕದಲ್ಲಿ ಹೂಗಿಡ, ವಾದ್ಯಗೋಷ್ಠಿಗೆ ಮಂಟಪ ಎಲ್ಲವೂ ಬಂದವು. ಜೊತೆಗೆ ಒಂದು ಕಟ್ಟಡದ ಮೇಲೆ ‘ಬಾಲಕರ ಪಾಠಶಾಲೆ’ ಎಂಬ ಫಲಕವೂ ಏರಿತು. ರಜೆಯ ಪ್ರಯುಕ್ತ ಶಾಲೆ ಮುಚ್ಚಿದೆಯೆಂಬ ಸೂಚನೆಯೂ ಅಲ್ಲಿ ಕಾಣಿಸಿಕೊಂಡಿತು. ಬಂದವರು ನೋಡಿದರು, ಹೋದರು. ರಸೆಲನ ವರದಿ ಅನುಕೂಲಕರವಾಗಿಯೇ ಇದ್ದಿತು.

ಹೀಗೆ ಒಂದೇ ಊರಿನಲ್ಲಿ ಎರಡು ಶಾಲೆಗಳು ಇದ್ದಂತಾಯಿತು. ಒಂದಕ್ಕೆ ಫಲಕವಿದ್ದಿತು, ಪಾಠವಿರಲಿಲ್ಲ. ಇನ್ನೊಂದಕ್ಕೆ ಪಾಠವಿದ್ದಿತು, ಫಲಕವಿರಲಿಲ್ಲ. ಮೊದಲನೆಯದಕ್ಕೆ ಅಂತರರಾಷ್ಟ್ರೀಯ ಸಂಸ್ಥೆಯೊಂದರ ಅಧಿಕೃತ ವರದಿಯ ಬೆಂಬಲ ದೊರೆಯಿತು. ಎರಡನೆಯದಕ್ಕೆ ಇದ್ದ ಸಾಕ್ಷ್ಯ ಹುಡುಗರ ಕೈಬರಹದ ವಾರಪತ್ರಿಕೆ ಮಾತ್ರ. ಅಧಿಕೃತ ಮುದ್ರೆಯುಳ್ಳ ಕಾಗದವೇ ಹೆಚ್ಚು ನಂಬಲರ್ಹವೆಂಬ ಸಾಮಾನ್ಯ ಭಾವನೆಯನ್ನು ಇತಿಹಾಸದ ವಿದ್ಯಾರ್ಥಿಗಳು ಈ ನಿದರ್ಶನದ ಬೆಳಕಿನಲ್ಲಿ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಬೇಕಾಗಿದೆ. ಒಂದು ದಿನದ ಅತಿಥಿಗೆ ತೋರಿಸಲಾದುದನ್ನು ವರದಿ ಹೇಳಿತು. ಸುಮಾರು ಎರಡು ವರ್ಷಗಳ ಕಾಲ ವಾರವಾರವೂ ಕಂಡುದನ್ನು ಪತ್ರಿಕೆ ಹೇಳಿತು.

ಆ ಪತ್ರಿಕೆಗೆ ಉಳಿದಿದ್ದ ದಿನಗಳು ಕೆಲವೇ. 1944ರ ಸೆಪ್ಟೆಂಬರ್ 28ರಿಂದ ಅಕ್ಟೋಬರ್ 28ರವರೆಗೆ ಹನ್ನೊಂದು ರೈಲುಗಳಲ್ಲಿ 18,000ಕ್ಕೂ ಹೆಚ್ಚು ಮಂದಿಯನ್ನು ತೆರೆಜೀನಿನಿಂದ ಆಶ್ವಿತ್ಸಿಗೆ ಒಯ್ಯಲಾಯಿತು. ಮೊದಲ ರೈಲಿನಲ್ಲಿಯೇ ಪೆತ್ರ್ ಗಿನ್ಸ್ ಹೋದನು; ಅಲ್ಲಿ ಅವನನ್ನು ಕೊಲ್ಲಲಾಯಿತು. ಅವನಿಗೆ 16 ವರ್ಷ. ಐಸಿಂಗರನೂ ಆ ಶರತ್ಕಾಲದಲ್ಲಿಯೇ ಗಡೀಪಾರಾಗಿ, ಯುದ್ಧ ಮುಗಿಯುವ ಮೊದಲು, 1945ರ ಜನವರಿಯಲ್ಲಿ ಮೃತನಾದನು. ಹಾಖನ್‌ಬುರ್ಗ್ ಅದಕ್ಕೂ ಮುಂಚೆ, 1943ರ ಡಿಸೆಂಬರಿನಲ್ಲಿಯೇ ಹೋಗಿದ್ದನು. ಮೊದಲನೆಯ ಮನೆಯಲ್ಲಿ ಬೇರೆ ಬೇರೆ ಕಾಲಗಳಲ್ಲಿ ವಾಸವಾಗಿದ್ದ ಸುಮಾರು ನೂರು ಹುಡುಗರಲ್ಲಿ ಯುದ್ಧಾನಂತರ ಜೀವಂತವಾಗಿ ಉಳಿದವರು ಸುಮಾರು ಹದಿನೈದು ಮಂದಿ.

ಬರೆದವರು ಹೋದ ಮೇಲೂ ಬರಹ ಉಳಿದುದು ಒಬ್ಬ ಹುಡುಗನ ವಿವೇಕದಿಂದ. ಜ್ದೆನೆಕ್ ತೌಸಿಗ್‌ನ ತಂದೆ ಕಮ್ಮಾರ. ಶಿಬಿರಕ್ಕೆ ಬೇಕಾದ ಕೆಲಸಗಾರನಾದ್ದರಿಂದ ಆ ಕುಟುಂಬ ಸಾಗಣೆಯಿಂದ ತಪ್ಪಿಸಿಕೊಂಡಿದ್ದಿತು. ಮೊದಲನೆಯ ಮನೆಯ ಗೆಳೆಯರೆಲ್ಲರೂ ಹೋದ ಮೇಲೆ ತೌಸಿಗ್ ಪತ್ರಿಕೆಯ ಹಾಳೆಗಳನ್ನೆಲ್ಲ ಲೋಹದ ಪೆಟ್ಟಿಗೆಯಲ್ಲಿಟ್ಟು, ಕಮ್ಮಟದ ಬಳಿ ನೆಲದಲ್ಲಿ ಹೂತನು. 1945ರ ಮೇ ತಿಂಗಳಿನಲ್ಲಿ ಸೋವಿಯತ್ ಸೈನ್ಯ ಬಂದು ತೆರೆಜೀನ್ ಬಿಡುಗಡೆಯಾದಾಗ ಅವನು ಅದನ್ನು ಅಗೆದು ತೆಗೆದು ಪ್ರಾಗ್‌ಗೆ ಕೊಂಡೊಯ್ದನು. ಹೀಗೆ ಸುಮಾರು 800 ಪುಟಗಳು ಉಳಿದವು.

ನೆಲದಿಂದ ಹೊರಬಂದುದಕ್ಕೆ ಅಚ್ಚಿನಲ್ಲಿ ಹೊರಬರಲು ಅರ್ಧ ಶತಮಾನ ಬೇಕಾಯಿತು. ಬದುಕುಳಿದ ಕುರ್ಟ್ ಕೊತೌಚ್ ಹಾಗೂ ಜ್ದೆನೆಕ್ ಓರ್ನೆಸ್ಟ್, ಮಾರಿಯೆ ರೂತ್ ಕ್ರಿಝ್ಕೋವಾ ಎಂಬ ವಿದುಷಿಯ ಜೊತೆಗೂಡಿ, 1970ರ ದಶಕದಲ್ಲಿ ಪತ್ರಿಕೆಯ ಆಯ್ದ ಭಾಗಗಳನ್ನು ಸಂಕಲಿಸಿದರು. ಅಂದಿನ ಕಮ್ಯುನಿಸ್ಟ್ ಸರಕಾರದ ಅಡಿಯಲ್ಲಿ ಅದರ ಪ್ರಕಟನೆ ಸಾಧ್ಯವಾಗಲಿಲ್ಲ. ಕೈಯಿಂದ ಕೈಗೆ ಬೆರಳಚ್ಚಿನ ಪ್ರತಿಗಳಾಗಿ ಗುಟ್ಟಿನಲ್ಲಿ ಹರಡುವ ಮಾರ್ಗದಿಂದ 1978ರಲ್ಲಿ ಅದು ಓದುಗರನ್ನು ತಲುಪಿತು. ಗುಟ್ಟಾಗಿ ಬರೆದುದನ್ನು ಮತ್ತೆ ಗುಟ್ಟಾಗಿಯೇ ಓದಬೇಕಾಗಿ ಬಂದಿತು. 1989ರ ರಾಜಕೀಯ ಪರಿವರ್ತನೆಯ ಅನಂತರ, 1995ರಲ್ಲಿ, ಜೆಕ್ ಹಾಗೂ ಇಂಗ್ಲಿಷ್ ಭಾಷೆಗಳಲ್ಲಿ ಸಂಕಲನ ಬಹಿರಂಗವಾಗಿ ಪ್ರಕಟವಾಯಿತು. ಓರ್ನೆಸ್ಟ್ ಅದನ್ನು ಕಾಣಲಿಲ್ಲ; 1990ರಲ್ಲಿಯೇ ಅವನು ತೀರಿಕೊಂಡಿದ್ದನು.

ಗಿನ್ಸ್‌ನ ಹೆಸರು ಮತ್ತೊಮ್ಮೆ ಲೋಕದ ಗಮನಕ್ಕೆ ಬಂದುದು ಇನ್ನೊಂದು ದುರಂತದಿಂದ. ಚಂದ್ರನ ಮೇಲಿನ ಬೆಟ್ಟಗಳ ನಡುವಿನಿಂದ ಭೂಮಿ ಹೇಗೆ ಕಾಣುವುದೆಂಬುದನ್ನು ಅವನು ತೆರೆಜೀನಿನ ಗೋಡೆಗಳೊಳಗೆ ಕುಳಿತು ಚಿತ್ರಿಸಿದ್ದನು. ಇಸ್ರೇಲಿನ ಮೊದಲ ಗಗನಯಾತ್ರಿ ಇಲಾನ್ ರಮೋನ್ ಆ ಚಿತ್ರದ ಪ್ರತಿಯೊಂದನ್ನು ಅಮೆರಿಕದ ‘ಕೊಲಂಬಿಯ’ ನೌಕೆಯಲ್ಲಿ ಕೊಂಡೊಯ್ದನು. ಕರ್ನಾಲದ ಕಲ್ಪನಾ ಚಾವ್ಲಾ ಕೂಡ ಇದ್ದ ಆ ನೌಕೆ 2003ರ ಫೆಬ್ರವರಿ 1ರಂದು, ಗಿನ್ಸ್ ಬದುಕಿದ್ದರೆ 75 ವರ್ಷ ತುಂಬುತ್ತಿದ್ದ ದಿನದಂದು, ಮರಳಿ ಬರುವಾಗ ಒಡೆದು ನಾಶವಾಯಿತು. ಈ ಸುದ್ದಿಯ ನಿಮಿತ್ತವಾಗಿ, ಪ್ರಾಗ್‌ನ ಒಂದು ಮನೆಯಲ್ಲಿ ಉಳಿದಿದ್ದ ಅವನ 1941-42ರ ದಿನಚರಿ ಬೆಳಕಿಗೆ ಬಂದಿತು. ಅವನ ತಂಗಿ ಅದನ್ನು ಸಂಪಾದಿಸಿ 2004ರಲ್ಲಿ ಪ್ರಕಟಿಸಿದಳು.

ಇಷ್ಟೆಲ್ಲ ಪ್ರಸಿದ್ಧಿಯ ನಡುವೆ ಮರೆಯಬಾರದ ಅಂಶವೊಂದುಂಟು. ‘ವೆದೆಮ್’ ಬರೆದವರು ಭವಿಷ್ಯದ ಓದುಗರಿಗಾಗಿ ಬರೆಯಲಿಲ್ಲ. ಶುಕ್ರವಾರದ ಸಂಜೆಗಾಗಿ ಬರೆದರು. ತಮ್ಮನ್ನು ಹೊರಹಾಕಿದ ನಾಡಿನ ಭಾಷೆಯಲ್ಲಿ, ಆ ಭಾಷೆಯ ವ್ಯಾಕರಣವನ್ನು ಗುಟ್ಟಾಗಿ ಕಲಿಯುತ್ತ, ಅದರಲ್ಲಿಯೇ ಜಗಳವಾಡುತ್ತ, ನಗುತ್ತ ಬರೆದರು. ಊರು ಬಿಟ್ಟು ಬಂದವರು ಭಾಷೆಯನ್ನು ಕೂಟ ಕಟ್ಟಿ, ಪತ್ರಿಕೆ ನಡೆಸಿ ಉಳಿಸಿಕೊಳ್ಳುವುದು ಲೋಕದಲ್ಲಿ ಅಪೂರ್ವವಲ್ಲ. ಹೊರನಾಡಿನ ಕನ್ನಡಿಗರಿಗೆ ಅದನ್ನು ವಿವರಿಸಿ ಹೇಳಬೇಕಾದುದೂ ಇಲ್ಲ. ಅವರು ತಮ್ಮ ಇಚ್ಛೆಯಿಂದಲೋ ಉದ್ಯೋಗದ ನಿಮಿತ್ತವೋ ಬಂದವರು. ಆ ಹುಡುಗರು ಬಲಾತ್ಕಾರದಿಂದ ಬಂದವರು. ಈ ಅಂತರ ಬಹು ದೊಡ್ಡದು; ಅದನ್ನು ಕಿರಿದುಗೊಳಿಸುವುದು ಸಲ್ಲದು. ಆದರೂ ವಾರಕ್ಕೊಮ್ಮೆ ಸೇರಿ ತಮ್ಮ ಮಾತಿನಲ್ಲಿ ತಮ್ಮ ಸುದ್ದಿಯನ್ನು ಕೇಳಬೇಕೆಂಬ ಅಪೇಕ್ಷೆ ಎಷ್ಟು ಆಳವಾದುದೆಂಬುದಕ್ಕೆ ಇದಕ್ಕಿಂತ ಬಲವಾದ ನಿದರ್ಶನ ದುರ್ಲಭ.

‘ಎಲ್ 417’ ಕಟ್ಟಡದಲ್ಲಿ 1991ರಲ್ಲಿ ತೆರೆಜೀನ್ ದೊಡ್ಡಿಯ ಇತಿಹಾಸವನ್ನು ನಿರೂಪಿಸುವ ವಸ್ತುಸಂಗ್ರಹಾಲಯ ಆರಂಭವಾಯಿತು. ಶಾಲೆಯಾಗಿ ಕಟ್ಟಲ್ಪಟ್ಟು, ಶಾಲೆಯೆಂಬ ಹೆಸರನ್ನು ಕಳೆದುಕೊಂಡು, ಹೆಸರಿಲ್ಲದೆಯೂ ಶಾಲೆಯಾಗಿಯೇ ನಡೆದ ಆ ಮನೆಗೆ ಕಡೆಗೊಮ್ಮೆ ಫಲಕ ಬಂದಿತು. ಆ ಶಾಲೆಯಲ್ಲಿ ಏನು ಕಲಿಸಲಾಯಿತು, ಯಾರು ಕಲಿತರು, ವಾರವಾರವೂ ಅಲ್ಲಿ ಏನೇನು ನಡೆಯಿತು ಎಂಬುದಕ್ಕೆ ಹಾಜರಿಪುಸ್ತಕವಾಗಲಿ ಪರೀಕ್ಷೆಯ ಅಂಕಪಟ್ಟಿಯಾಗಲಿ ಇಲ್ಲ. ಆ ಎರಡರ ಕೆಲಸವನ್ನೂ ಹುಡುಗರ 800 ಪುಟಗಳೇ ಮಾಡುತ್ತಿವೆ.